ಬಾಡಿಗಿ ಹೊಟ್ಟಿನೋವು

ಹೈದರಾಬಾದಿಗೆ ಬಂದು, ಮಿಯಾಪುರದಾಗ ಕಂಪ್ಯೂಟರ್ ಕಂಪನಿ ಮಂದಿಗೆ ಏಳಾಕತ್ತಿದ್ದ ಅಪಾರ್ಟ್‌ಮೆಂಟಿಗೆ ಇಟ್ಟಂಗಿ ಹೊತ್ತು ಸೊಂಟ ಹೋದ ಮ್ಯಾಲ ನನಗ ಈ ಕೆಲಸ ಸಿಕ್ತು. ಮೆಡಿಕಲ್ ಕಾಲೇಜಿನ ಪರೀಕ್ಷಾದಾಗ ಸುಳ್ಳು ಪೇಶಂಟ್ ಆಗೂದು. ಹುಡುಗರು ರೋಗಿ ಜೋಡಿ ಮಾತಾಡೂದು ಕಲೀಲಿ ಅಂತ ಹೊಸಾ ಪದ್ಧತಿ ಮಾಡ್ಯಾರ. ಹೊಟ್ಟಿನೋವು ಅನ್ನಬೇಕು. ಮನ್ಯಾಗ ಯಾರದಾರ ಅಂತ ಕೇಳಿದ್ರ ಗಂಡ, ಮಗ, ಸೊಸಿ, ಇಬ್ಬರು ಮೊಮ್ಮಕ್ಕಳು ಅನ್ನಬೇಕು. ಖರೇ ಹೇಳಬೇಕಂದ್ರ ನನ್ನ ಖೋಲ್ಯಾಗ ನಾ ಒಬ್ಬಾಕಿನ. ಸಂಜೀಕ ನನ್ನ ಹಾದಿ ಕಾಯೂದು ಬಾಗಲದ ಕೀಲಿ ಒಂದ.

ಐದು ನಿಮಿಷಕ್ಕೊಮ್ಮೆ ಗಂಟಿ. ಒಬ್ಬ ಹೋದ್ರ ಮತ್ತೊಬ್ಬ. ಮುಂಜಾನಿಂದ ಹನ್ನೊಂದು ಮಂದಿ ತೆಲುಗಿನಾಗ ಮನಿಮಂದಿ ಸುದ್ದಿ ಕೇಳಿದ್ರು, ನನ್ನ ಮಾರಿ ನೋಡಲಾರದ ಬರಕೊಂಡ್ರು. ಕೇಳಿದ್ದಕ್ಕ ಎರಡು ಮಾರ್ಕ್ಸ್ ಅದಾವಂತ, ಸುಡ್ಲಿ!

ಹನ್ನೆರಡನೇದಾಕಿ ಅನ್ವಿತಾ, ಮೈಸೂರಿನ ಹುಡುಗಿ. ನನ್ನ ಮುರುಕು ತೆಲುಗು ಕೇಳಿ ಕನ್ನಡದಾಕಿ ಅಂತ ಗುರುತು ಹಿಡಿದು, ಕನ್ನಡದಾಗ ಕೇಳಿದ್ಲು: "ಮೊಮ್ಮಕ್ಕಳ ಹೆಸರೇನಮ್ಮಾ?"

ನನಗ ಕೊಟ್ಟ ಕಾಗದದಾಗ ಹೆಸರಿರಲಿಲ್ಲ. ಬಾಯಿಗೆ ಬಂದದ್ದೊಂದು ಹೇಳಿದ್ರ ಆಗತಿತ್ತು. ಹೇಳಾಕ ಆಗಲಿಲ್ಲ, ಕಣ್ಣಾಗ ನೀರು ಬಂತು. ಆಕಿ ಪೆನ್ನು ಕೆಳಗಿಟ್ಟು, ನನ್ನ ಮಾರಿ ನೋಡಕೋತ, ಗಂಟಿ ಹೊಡೆಯೂತನಕ ಸುಮ್ನ ಕುಂತ್ಲು.

"ಹೊಟ್ಟಿನೋವಿನ ಸುದ್ದಿನ ತೆಗೀಲಿಲ್ಲ, ಫೇಲ್," ಅಂದ್ರು ಮೂಲ್ಯಾಗ ಕುಂತು ಮಾರ್ಕ್ಸ್ ಹಾಕೂ ಸಾಹೇಬ್ರು. ಕಡೀಕ ಪೇಶಂಟಿಗೂ ಒಂದು ಪ್ರಶ್ನೆ ಇರತೈತಿ. "ಗದಿಗೆಮ್ಮಾ, ಈ ಡಾಕ್ಟರ ಹತ್ರ ಮತ್ತ ಬರತೀಯೇನು?"

"ಬರತೀನ್ರಿ," ಅಂದೆ. "ಹೊಟ್ಟಿನೋವಿಗಲ್ಲ."