ಎಣ್ಣೆ ಮಾಸ್ತರು ಹೊಳೆ ದಾಟಿದ್ದು

ಐದನೇ ಸಲ ಹಗ್ಗ ಎಳೆದಾಗಲೂ ಎಂಜಿನ್ ಕೆಮ್ಮಿತೇ ಹೊರತು ಹತ್ತಲಿಲ್ಲ. ದೋಣಿಯವನು ಬೆವರು ಒರೆಸಿಕೊಂಡು ಆರನೇ ಸಲಕ್ಕೆ ಕೈ ಹಾಕಿದ. ನಟ್ಟನಡು ಹೊಳೆ. ದೋಣಿಯ ಮಧ್ಯೆ ಶವಪೆಟ್ಟಿಗೆ, ಪೆಟ್ಟಿಗೆಯೊಳಗೆ ಎಣ್ಣೆ ಮಾಸ್ತರು. ಸ್ಮಶಾನವಿದ್ದದ್ದು ಆಚೆ ದಡದಲ್ಲಿ.

ಮಾಸ್ತರು ಎಂದರೆ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ನಲವತ್ತು ವರ್ಷ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಎಂಜಿನ್ ರಿಪೇರಿ ಮಾಡಿದವರು. ಮರ ಕೊಯ್ಯುವ ಯಂತ್ರಗರಗಸ, ಔಷಧಿ ಹೊಡೆಯುವ ಪಂಪು, ಹಳೇ ಸ್ಕೂಟರು, ಏನೇ ತಂದರೂ ಮೊದಲು ಯಾವ ಎಣ್ಣೆ ಹಾಕಿದ್ದೀಯ ಎಂದು ಕೇಳುತ್ತಿದ್ದರು. ಉತ್ತರ ತಪ್ಪಿತೋ, ಅರ್ಧ ಗಂಟೆ ನಿಲ್ಲಿಸಿಕೊಂಡು ತಲೆ ತಿನ್ನುತ್ತಿದ್ದರು. ಹೆಸರು ಹಾಗೆ ಅಂಟಿಕೊಂಡಿತ್ತು.

ಪೆಟ್ಟಿಗೆಯ ತಲೆಯ ಕಡೆ ಮಗಳು ಕೂತಿದ್ದಳು. ಹನ್ನೆರಡು ವರ್ಷದಿಂದ ಅಪ್ಪನ ಜೊತೆ ಅದೇ ಅಂಗಡಿಯಲ್ಲಿ ಕೈ ಮಸಿ ಮಾಡಿಕೊಂಡವಳು. ಆದರೂ ಬೆಳಿಗ್ಗೆ ದಡದಲ್ಲಿ ಚಿಕ್ಕಪ್ಪ, ಇನ್ನು ಅಂಗಡಿ ಮುಚ್ಚುವುದೇ ಸರಿ, ಅಣ್ಣನ ಮುಖ ನೋಡಿ ಬರುತ್ತಿದ್ದ ಜನ ನಿನ್ನ ಮುಖ ನೋಡಿ ಬರುವುದಿಲ್ಲಮ್ಮ ಎಂದು ಸಮಾಧಾನದ ದನಿಯಲ್ಲೇ ಹೇಳಿದ್ದರು. ಪಕ್ಕದಲ್ಲೇ ಗರಗಸದ ಯಜಮಾನರಿದ್ದರು. ಅವರ ಒಂಬತ್ತು ಗರಗಸಗಳಿಂದಲೇ ಅಂಗಡಿಗೆ ಅರ್ಧ ಕೆಲಸ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ನೆಲ ನೋಡಿದರು. ಅದು ಅವಳಿಗೆ ಚುಚ್ಚಿತು. ಅವರು ಕೈಬಿಟ್ಟರೆ ಅಂಗಡಿ ಉಳಿಯದು. ಅವಳಿಗೆ ಅದು ಬಿಟ್ಟು ಬೇರೆ ಬದುಕು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆರನೇ ಸಲಕ್ಕೆ ಬರೀ ದಟ್ಟ ಹೊಗೆ ಬಂತು. ಅವಳು ಮೂಗರಳಿಸಿದಳು. ಅದು ದೋಣಿ ಎಂಜಿನ್ನಿನ ವಾಸನೆಯಲ್ಲ.

“ಯಾವ ಎಣ್ಣೆ ಹಾಕಿದೀಯಣ್ಣ?”

ದೋಣಿಯವನು ತಲೆ ತಗ್ಗಿಸಿದ. “ಆ ಕೆಂಪು ಡಬ್ಬಿದು. ಗರಗಸಕ್ಕೆ ಹಾಕ್ತೀರಲ್ಲ, ದುಬಾರಿದು. ಮಾಸ್ತರ ಕೊನೇ ಪ್ರಯಾಣ, ಇರೋದ್ರಲ್ಲೇ ಒಳ್ಳೇದು ಹಾಕೋಣ ಅಂತ…”

“ಎಷ್ಟು?”

“ಯಾವಾಗ್ಲೂ ಹಾಕೋದರ ಎರಡರಷ್ಟು.”

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಒತ್ತರಿಸಿ ಬಂದವು. ಅಪ್ಪ ಎದ್ದು ಕೂತಿದ್ದರೆ ಇವನಿಗೆ ಇವತ್ತು ಗ್ರಹಚಾರ ಬಿಡಿಸುತ್ತಿದ್ದರು.

* * *

ಅಂಗಡಿಗೆ ಸೇರಿದ ಮೊದಲ ತಿಂಗಳು ಅವಳು ಮಾಡಿದ್ದೂ ಇಂಥದೇ ತಪ್ಪು, ಆದರೆ ತಿರುಗುಮುರುಗು. ದೋಣಿಯ ಎಣ್ಣೆಯನ್ನು ಯಜಮಾನರ ಗರಗಸಕ್ಕೆ ಬೆರೆಸಿ ಕೊಟ್ಟಿದ್ದಳು. ಸಂಜೆಯೊಳಗೆ ಪಿಸ್ಟನ್ ಗೀರುಬಿದ್ದು ಕಚ್ಚಿಕೊಂಡಿತ್ತು. ಯಜಮಾನರು ಕೂಗಾಡುತ್ತ ಬಂದಾಗ ಅಪ್ಪ ಮುಚ್ಚಿಡಲಿಲ್ಲ. ಮಗಳು ಕೆಡಿಸಿದ್ದು, ಮಗಳೇ ಸರಿಮಾಡುತ್ತಾಳೆ ಎಂದರು. ಮೂರು ದಿನ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಕೂತರು, ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ.

“ದುಬಾರಿ, ಅಗ್ಗ ಅಂತ ನೋಡ್ಬೇಡ ಕಣಮ್ಮ. ಎಂಜಿನ್ನಿಗೆ ತಂಪು ಎಲ್ಲಿಂದ ಬರುತ್ತೆ, ಅದನ್ನ ನೋಡು. ಈ ಗರಗಸದ ಹಾಗೆ ಗಾಳಿಯಿಂದಾದ್ರೆ ಮೈ ಸುಡ್ತಿರುತ್ತೆ, ಬಿಸಿ ತಡೆಯೋ ಎಣ್ಣೆ ಬೇಕು. ಅದನ್ನೇ ನೀರಿನಿಂದ ತಣ್ಣಗಿರೋ ದೋಣಿ ಎಂಜಿನ್ನಿಗೆ ಹಾಕಿದ್ರೆ ಬೂದಿಯಾಗಿ ಪ್ಲಗ್ ಮೇಲೆ ಕೂತು ಕಿಡಿ ತಡೆಯುತ್ತೆ.”

ನಾಲ್ಕನೇ ದಿನ ಗರಗಸ ಮತ್ತೆ ಹತ್ತಿದಾಗ ಅಪ್ಪ ಶಹಬ್ಬಾಸ್ ಎನ್ನಲಿಲ್ಲ. ಮುಂದಿನ ಎಂಜಿನ್ ಎತ್ತಿ ಅವಳ ಮುಂದಿಟ್ಟರು.

* * *

ದೋಣಿಯಲ್ಲಿ ಯಜಮಾನರ ಜೊತೆ ಎದುರಿನ ಹಲಗೆಯ ಮೇಲೆ ಕೂತಿದ್ದ ಚಿಕ್ಕಪ್ಪ ಅಷ್ಟರಲ್ಲಿ ಹುಟ್ಟು ಹುಡುಕಿ, ವಾಪಸ್ ಹೋಗಿ ಬೇರೆ ದೋಣಿ ತರೋಣ ಎಂದು ಶುರುಮಾಡಿದ್ದರು. ಮಗಳು ಎದ್ದು ನಿಂತಳು.

“ವಾಪಸ್ ಹೋಗೋದು ಬೇಡ ಚಿಕ್ಕಪ್ಪ. ಅಪ್ಪ ಇದೇ ಎಂಜಿನ್ನಲ್ಲಿ ಆಚೆ ಸೇರ್ತಾರೆ. ಯಜಮಾನ್ರೇ, ಆ ಹುಟ್ಟು ತಗೊಂಡು ದೋಣಿ ನೆಟ್ಟಗೆ ಹಿಡೀರಿ.”

ಯಜಮಾನರು ಒಂದು ಕ್ಷಣ ಅವಳನ್ನೇ ನೋಡಿ ಹುಟ್ಟು ಕೈಗೆತ್ತಿಕೊಂಡರು.

ಹೊಸ ಬಟ್ಟೆ ಹಾಳಾಗುತ್ತದೆ ಎಂದು ಚಿಕ್ಕಪ್ಪ ಅಂದದ್ದು ಅವಳ ಕಿವಿಗೆ ಬೀಳಲಿಲ್ಲ. ಪ್ಲಗ್ ಬಿಚ್ಚಿದಳು. ತುದಿಯ ತುಂಬ ಕರಿ ಜಿಡ್ಡು. ಅದನ್ನು ದೋಣಿಯವನ ತಂತಿ ಬ್ರಷ್ಷಿನಿಂದ ಉಜ್ಜಿದಳು. ಕಾರ್ಬುರೇಟರಿನಲ್ಲಿ ನಿಂತಿದ್ದ ಪೆಟ್ರೋಲನ್ನು ಒಂದು ಡಬ್ಬಿಗೆ ಬಸಿದಳು. ಪ್ಲಗ್ ಇಲ್ಲದೆಯೇ ನಾಲ್ಕು ಸಲ ಹಗ್ಗ ಎಳೆದು ಒಳಗಿನ ಎಣ್ಣೆಯನ್ನೆಲ್ಲ ಹೊರಗೆ ಉಗುಳಿಸಿ, ಪ್ಲಗ್ ಮತ್ತೆ ಬಿಗಿದಳು. ಹಿಂದೆ ಮಾಮೂಲಿ ಎಣ್ಣೆ ಬೆರೆಸಿದ್ದ ಪೆಟ್ರೋಲು ಏನಾದರೂ ಉಳಿದಿದೆಯೇ ಎಂದು ಕೇಳಿದಾಗ ದೋಣಿಯವನು ಹಲಗೆ ಕೆಳಗಿನಿಂದ ಒಂದು ಕ್ಯಾನ್ ಎಳೆದ. ಅವಳು ಮೂಸಿ ನೋಡಿ, ಸರಿಯೆಂದು ತಲೆಯಾಡಿಸಿ, ಟ್ಯಾಂಕಿನ ಪೈಪು ಕಿತ್ತು ಅದಕ್ಕೆ ಇಳಿಬಿಟ್ಟಳು.

ಮೊದಲ ಎಳೆತಕ್ಕೆ ಏನೂ ಇಲ್ಲ. ಎರಡನೆಯದಕ್ಕೆ ಕೆಮ್ಮು. ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದರು. ಅವಳು ಕಾಲೂರಿ, ಹಲ್ಲು ಕಚ್ಚಿ ಮೂರನೇ ಸಲ ಎಳೆದಳು. ಎಂಜಿನ್ ಹತ್ತಿತು. ಹೊಗೆ ತೆಳ್ಳಗಾಗುವವರೆಗೂ ಅವಳು ಅದರ ಮೇಲಿಂದ ಕೈ ತೆಗೆಯಲಿಲ್ಲ. ದೋಣಿಯವನು ಅವಳ ಜಾಗಕ್ಕೆ ಹೋಗಿ ಕೂತ. ಉಳಿದ ದಾರಿಯನ್ನು ಅವಳೇ ನಡೆಸಿದಳು.

ಗುಂಡಿಯ ಬಳಿ ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದರು. ಯಜಮಾನರು ಹಾಕಿ ಬಂದವರು ಅವಳ ಪಕ್ಕ ನಿಂತರು. ಮಾಸ್ತರು ಒಳ್ಳೆಯವರು, ಧೈರ್ಯ ತಗೋ ಎಂದೆಲ್ಲ ಹೇಳಲಿಲ್ಲ.

“ನಾಳೆ ಎಷ್ಟೊತ್ತಿಗೆ ಬಾಗಿಲು ತೆಗೀತೀಯಮ್ಮ? ಎರಡು ಗರಗಸ ಕೆಟ್ಟು ಕೂತಿವೆ.”

“ಏಳಕ್ಕೆ,” ಎಂದಳು. ಚಿಕ್ಕಪ್ಪನಿಗೂ ಕೇಳುವ ಹಾಗೆ ಹೇಳಿದಳು. ಆಮೇಲೆ ಬೆಳಿಗ್ಗೆಯಿಂದ ತಡೆದಿದ್ದ ಅಳು ಬಂತು, ಈ ಸಲ ತಡೆಯಲಿಲ್ಲ.

ಅವಳ ಸರದಿ ಬಂದಾಗ ಬಗ್ಗಿ ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡಳು. ಬೊಗಸೆ ತೆರೆದಾಗ ಅರ್ಧ ಮಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಉಳಿದರ್ಧ ಎಣ್ಣೆಗೈಗೆ ಮೆತ್ತಿಕೊಂಡು ಅಲ್ಲೇ ಉಳಿಯಿತು.