ಮರಳಲ್ಲಿ ಹೂತ ಹೊಕ್ಕುಳು

ಕೇಪ್‌ಟೌನಿನ ಬಿಳಿಯರಿಗೆ ನಮ್ಮ ಗಂಡಸರ ರಟ್ಟೆ ಬೇಕು, ಅವರ ಹೆಂಡಿರು ಮಾತ್ರ ಬೇಡ. ನನ್ನ ಮಗ ಬಂದರಿನಲ್ಲಿ ಮೂಟೆ ಹೊತ್ತು ಗಂಡಸರ ಹಾಸ್ಟೆಲಿನಲ್ಲಿ ಮಲಗುತ್ತಾನೆ. ಅವನ ಹೆಂಡತಿ ನೊಲುಸಾಫೊ ಆರುನೂರು ಮೈಲಿ ಆಚೆ ಟ್ರಾನ್ಸ್‌ಕೈಯಲ್ಲಿರಬೇಕಂತೆ. ಅದು ಕರಿಯರ ಸ್ವಂತ ದೇಶವಂತೆ. ಮೇಕೆಯೂ ಮೂಸಿ ನೋಡದ ನೆಲವನ್ನು ಎಷ್ಟು ಧಾರಾಳವಾಗಿ ಕೊಟ್ಟಿದ್ದಾರೆ ನೋಡಿ!

ನಾವು ಅತ್ತೆ ಸೊಸೆ ಹೋಗಲಿಲ್ಲ. ವಿಮಾನ ನಿಲ್ದಾಣದ ಹಿಂದಿನ ಮರಳುಗುಡ್ಡೆಯಲ್ಲಿ ನಲವತ್ತು ಹೆಂಗಸರ ಜೊತೆ ಬೀಡುಬಿಟ್ಟೆವು. ಸಂಜೆ ಕೊಂಬೆ ಬಗ್ಗಿಸಿ ನೆಟ್ಟು ಕಪ್ಪು ಪ್ಲಾಸ್ಟಿಕ್ ಹೊದಿಸಿದರೆ ಮನೆ. ಬೆಳಗಾಗುತ್ತಲೇ ಅದನ್ನು ಮಡಚಿ ಮರಳಲ್ಲಿ ಹೂತರೆ ಬಯಲು. ಸರ್ಕಾರದ ಶೂರರು ವ್ಯಾನಿನಲ್ಲಿ ಬಂದು ಸಲಾಕೆಯಿಂದ ಮರಳು ಚುಚ್ಚಿ, ಸಿಕ್ಕಿದ್ದನ್ನು ಸುಡುತ್ತಾರೆ. ಫಿರಂಗಿ, ಯುದ್ಧವಿಮಾನ ಎಲ್ಲ ಇಟ್ಟುಕೊಂಡ ಸರ್ಕಾರಕ್ಕೆ ಹೆಂಗಸರ ಪ್ಲಾಸ್ಟಿಕ್ ಹುಡುಕುವ ಕೆಲಸ.

ಆ ಮಂಗಳವಾರ ನಸುಕಿನಲ್ಲಿ ನೊಲುಸಾಫೊ ಹೆಣ್ಣು ಹೆತ್ತಳು. ನಾನೇ ಹೊಕ್ಕುಳಬಳ್ಳಿ ಕತ್ತರಿಸಿ, ಬಳ್ಳಿಯ ಸಮೇತ ಮಾಸನ್ನು ಬಟ್ಟೆಯಲ್ಲಿ ಸುತ್ತಿ ಒಲೆಯ ಪಕ್ಕ ಹೂತೆ. ನಮ್ಮವರು ನಿನ್ನ ಊರು ಯಾವುದೆಂದು ಕೇಳುವುದಿಲ್ಲ, ಹೊಕ್ಕುಳು ಎಲ್ಲಿ ಹೂತಿದೆ ಎಂದು ಕೇಳುತ್ತಾರೆ. ಹೂತದ್ದನ್ನು ಯಾರಾದರೂ ಕಿತ್ತು ಬಿಸಾಡಿದರೆ ಆ ಮಗುವಿಗೆ ಎಲ್ಲೂ ನೆಲೆಯಿಲ್ಲ. ಹೆತ್ತು ಎರಡು ಗಂಟೆಯೂ ಆಗದ ಬಾಣಂತಿಯ ತಲೆಮೇಲಿನ ಸೂರನ್ನು ನಾನೇ ಕಿತ್ತು ಮರಳಲ್ಲಿ ಮುಚ್ಚಿದೆ. ಆ ಸಿಟ್ಟು ಇನ್ನೂ ಆರಿಲ್ಲ.

ವ್ಯಾನು ಬಂತು. ಇಳಿದವನು ಬಿಳಿಯ ಇನ್‌ಸ್ಪೆಕ್ಟರ್ ಸ್ಟೈನ್‌ಕಾಂಪ್. ಅಪ್ಪನ ಹೊಲದಲ್ಲಿ ನಮ್ಮವರ ಮಕ್ಕಳ ಜೊತೆ ಬೆಳೆದು ನಮ್ಮ ಭಾಷೆ ಕಲಿತಿದ್ದ, ಬುದ್ಧಿ ಕಲಿತಿರಲಿಲ್ಲ. ಹಿಂದೆ ಸಲಾಕೆ, ಸಲಿಕೆ ಹೊತ್ತು ಸಿಖೋ. ನಮ್ಮವನೇ, ಪೊಲೀಸ್ ಟೋಪಿಗೆ ಮರುಳಾದವನು.

ಒಲೆಯ ಪಕ್ಕದ ಹಸಿ ಮರಳು ಕಂಡು ಸ್ಟೈನ್‌ಕಾಂಪನ ಮುಖ ಅರಳಿತು. "ಇಲ್ಲಿದೆ! ಅಗಿಯೋ!"

"ಅಲ್ಲಿ ಮುಟ್ಟಬ್ಯಾಡ್ರಿ," ಅಂದೆ. "ಮೊಮ್ಮಗಳ ಹೊಕ್ಕುಳು ಹೂತೀನಿ."

"ಹೊಕ್ಕುಳಂತೆ! ನಿನ್ನೆ ಒಬ್ಬಳು ಸತ್ತ ನಾಯಿ ಅಂದ್ಲು. ಅಗದ್ರೆ ಮೂರು ಪ್ಲಾಸ್ಟಿಕ್ಕು!"

ಅದು ನಿಜ. ಹಾಗೆ ಹೇಳಿದವಳು ಪಕ್ಕದಲ್ಲೇ ಕೂತು ಆಕಾಶ ನೋಡುತ್ತಿದ್ದಳು.

ಸಿಖೋ ಪೊದೆಯ ಮರೆಯಲ್ಲಿ ಕೂತ ಬಾಣಂತಿಯನ್ನು ನೋಡಿದ, ಕೂಸನ್ನು ನೋಡಿದ. ಸಲಿಕೆ ಕೆಳಗಿಟ್ಟ.

"ಏನೋ ಮಗ, ಕೈ ಬಿದ್ದೋಯ್ತಾ?" ಅಂದೆ ನಾನು. "ದಿನಾ ಚುಚ್ಚೋವಾಗ ಚೆನ್ನಾಗೇ ಇತ್ತಲ್ಲ!"

"ಅವ್ವಾ, ಸುಮ್ನಿರು," ಎಂದ.

ಸ್ಟೈನ್‌ಕಾಂಪ್ ಬೈಯುತ್ತಾ ತಾನೇ ಸಲಿಕೆ ಎತ್ತಿ ಅಗೆದ. ಗಂಟು ಸಿಕ್ಕಿತು. ಗೆದ್ದವನಂತೆ ನಮಗೆಲ್ಲ ತೋರಿಸುತ್ತಾ ಬಿಚ್ಚಿದ. ಮರುಗಳಿಗೆ ಅದನ್ನು ಕೈಬಿಟ್ಟು, ನಾಲ್ಕು ಹೆಜ್ಜೆ ಓಡಿ ವ್ಯಾನಿನ ಚಕ್ರಕ್ಕೆ ಬೆಳಗಿನ ತಿಂಡಿಯನ್ನೆಲ್ಲ ಅರ್ಪಿಸಿದ. ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ. ಮೊಮ್ಮಗಳ ನೆಲೆ ಬಿಸಿಲಲ್ಲಿ ಬಿದ್ದಿತ್ತು.

ಸಿಖೋ ಟೋಪಿ ತೆಗೆದು ಮೊಣಕಾಲೂರಿದ. ಗಂಟನ್ನು ಮೊದಲಿನಂತೆ ಸುತ್ತಿ ಗುಂಡಿಗಿಟ್ಟು, ಬರಿಗೈಯಲ್ಲಿ ಮರಳು ಎಳೆದು ಮುಚ್ಚಿದ.

"ಥೂ, ಕೊಳಕು ಜನ!" ಸ್ಟೈನ್‌ಕಾಂಪ್ ಬಾಯಿ ಒರೆಸಿಕೊಂಡ. "ಆ ಕೂಸನ್ನೂ ಕಟ್ಕೊಂಡು ಇವತ್ತೇ ತಮ್ಮೂರಿಗೆ ಹೊರಡ್ಬೇಕು ಅಂತ ಹೇಳೋ!"

"ಕೂಸು ತನ್ನೂರಲ್ಲೇ ಇದೆ, ಸಾರ್," ಎಂದ ಸಿಖೋ.

ಮರುದಿನದಿಂದ ಅವನು ಬರಲಿಲ್ಲ, ಬೇರೆ ಟೋಪಿ ಬಂತು. ಸ್ಟೈನ್‌ಕಾಂಪ್ ಮಾತ್ರ ದಿನವೂ ಬಂದ, ಸಲಾಕೆಯಿಂದ ಗುಡ್ಡೆಯನ್ನೆಲ್ಲ ಚುಚ್ಚಿಸಿದ. ನಮ್ಮ ಒಲೆ ಹತ್ತಿರವಾದರೆ ಮೂಗಿಗೆ ಕರವಸ್ತ್ರ ಹಿಡಿದು, ಇಪ್ಪತ್ತು ಹೆಜ್ಜೆ ಬಳಸಿಕೊಂಡು ಹೋಗುತ್ತಿದ್ದ.

ಆ ಇಪ್ಪತ್ತು ಹೆಜ್ಜೆಯೊಳಗೆ ನಲವತ್ತು ಮನೆಗಳ ಪ್ಲಾಸ್ಟಿಕ್ ಹೂತಿದ್ದೆವು. ಮೇಲೆ ಚಾಪೆ ಹಾಸಿ ನೊಲುಸಾಫೊ ಮಗುವಿಗೆ ಹಾಲೂಡುತ್ತಿದ್ದಳು.