ಮುಂದಿನ ಜೋಡಿ

ಜೀಪು ಮಾರುವ ಮಾತು ಗಟ್ಟಿಯಾದ ದಿನ ಶೈಲಾ ಊಟಕ್ಕೆ ಕೂತವಳು ಎರಡನೇ ರೊಟ್ಟಿ ಬೇಡವೆಂದಳು. ಅತ್ತೆ ಮಾದೇವಿ ಬೇಡವೆಂದ ಮಾತನ್ನು ಕೇಳಿಸಿಕೊಳ್ಳದವಳಂತೆ ರೊಟ್ಟಿ ಹಾಕಿ, ಅದರ ಮೇಲೆ ಒಂದು ಮುದ್ದೆ ಬೆಣ್ಣೆಯನ್ನೂ ಇಟ್ಟಳು. ಮಾತಿನಿಂದ ಆಗದ ಸಮಾಧಾನವನ್ನು ಆಕೆ ಬೆಣ್ಣೆಯಿಂದ ಮಾಡುತ್ತಿದ್ದಳು.

ಬಾಡಗಂಡಿಯಿಂದ ಆಚೆ, ಕಬ್ಬಿನ ನಡುವೆ ಅವರ ತೋಟದ ಮನೆ. ಡಾಂಬರು ರಸ್ತೆಯ ಬನ್ನಿ ಗಿಡದಿಂದ ಮನೆಯ ಅಂಗಳದವರೆಗೆ ಇರುವುದು ಎರೆಮಣ್ಣಿನ ದಾರಿ. ಬೇಸಿಗೆಯಲ್ಲಿ ಅದರ ಮೇಲೆ ಏನು ಬೇಕಾದರೂ ಓಡುತ್ತದೆ. ಒಂದು ಮಳೆ ಬಿತ್ತೆಂದರೆ ಮಾತ್ರ ಚಪ್ಪಲಿ ಕಾಲಲ್ಲಿ ಉಳಿಯುವುದಿಲ್ಲ, ಮೋಟರ್ ಸೈಕಲ್ಲಿನ ಗಾಲಿ ಮಣ್ಣು ಮೆತ್ತಿಕೊಂಡು ತಿರುಗುವುದನ್ನೇ ಬಿಡುತ್ತದೆ. ಆ ದಾರಿಯನ್ನು ಮಳೆಗಾಲದಲ್ಲಿ ದಾಟುತ್ತಿದ್ದ ಗಾಡಿ ಒಂದೇ, ಮಾವ ಶಿವಯೋಗೆಪ್ಪನ ಹಳೆಯ ಜೀಪು. ಬೀಳಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಶೈಲಾ ದಿನಾ ಹೋಗಿ ಬರುತ್ತಿದ್ದುದು ಅದರಲ್ಲೇ.

ಅವಳ ಗಂಡ ಈಶ್ವರನ ದೂರು ಹೊಸದಲ್ಲ. ಜೀಪು ಡೀಸೆಲ್ಲನ್ನು ನೀರಿನಂತೆ ಕುಡಿಯುತ್ತದೆ, ಮುಂದಿನ ಟೈರುಗಳು ವರ್ಷ ತುಂಬುವ ಮೊದಲೇ ಬೋಳಾಗುತ್ತವೆ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಚನಮಲ್ಲಪ್ಪ ಕೊಳ್ಳಲು ಒಪ್ಪಿದ್ದ. ಹಬ್ಬ ಮುಗಿದ ಮೇಲೆ ಬಂದು ನೋಡುತ್ತೇನೆಂದೂ ಹೇಳಿದ್ದ. ಜೀಪು ಹೋದರೆ ಒಂದು ಸಣ್ಣ ಕಾರು ಬರುತ್ತದೆ. ಮಳೆಗಾಲದಲ್ಲಿ ಶೈಲಾ ಬೀಳಗಿಯಲ್ಲಿ ಒಂದು ಕೋಣೆ ಹಿಡಿದು ಇರಬೇಕು. ಈಶ್ವರ ಇದನ್ನು ಬಹಳ ಸುಲಭದ ಮಾತೆಂಬಂತೆ ಹೇಳಿದ. ಶೈಲಾಗೆ ಹಾಗೆನಿಸಲಿಲ್ಲ. ಅವಳಿಗೆ ಕೆಲಸವೂ ಬೇಕಿತ್ತು, ಸಂಜೆ ಬಂದು ಈ ಕಟ್ಟೆಯ ಮೇಲೆ ಕಾಲು ಚಾಚಿ ಮಾವನ ಮಳೆ ಲೆಕ್ಕ ಕೇಳುತ್ತ ಚಹಾ ಕುಡಿಯುವುದೂ ಬೇಕಿತ್ತು. ಎರಡರಲ್ಲಿ ಒಂದನ್ನು ಬಿಡು ಎಂದು ಇದುವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ.

ಜೀಪಿನಲ್ಲಿ ದೊಡ್ಡ ಗೇರಿನ ಪಕ್ಕಕ್ಕೆ ಒಂದು ಸಣ್ಣ ಗೇರಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಜೀಪನ್ನು ಮಾರಿದವನು ಒಂದು ಮಳೆಯ ದಿನ ಅದನ್ನು ಕೆಸರಿನಲ್ಲಿ ಓಡಿಸಿಕೊಂಡು ಅಂಗಳಕ್ಕೆ ತಂದು ನಿಲ್ಲಿಸಿದ್ದನಂತೆ. ಈ ಸಣ್ಣ ಕೋಲು ಏನೆಂದು ಶಿವಯೋಗೆಪ್ಪ ಕೇಳಿದ್ದಕ್ಕೆ, ಹೀಗೆ ಹಾಕಿದರೆ ನಾಲ್ಕೂ ಗಾಲಿ ಜಗ್ಗುತ್ತವೆ ಎಂದಷ್ಟೇ ಹೇಳಿದ್ದ. ಪೂಜೆಗೆ ಬಂದ ಅಯ್ಯನವರಿಗೆ ಕಂಕಣದ ದಾರ ಕಟ್ಟಲು ಹದವಾಗಿ ಕಂಡದ್ದೂ ಅದೇ ಕೋಲು. ಅವರು ದಾರವನ್ನು ಕೋಲಿಗೆ ಸುತ್ತಿ, ಇನ್ನೊಂದು ತುದಿಯನ್ನು ಸೀಟಿನ ಕಬ್ಬಿಣಕ್ಕೆ ಬಿಗಿದಿದ್ದರು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಮಾದೇವಿ ಅದರ ತಲೆಗೆ ವಿಭೂತಿ, ಕುಂಕುಮ ಹಚ್ಚುತ್ತ ಬಂದು, ಅಲ್ಲಿ ಕೆತ್ತಿದ ಅಕ್ಷರಗಳು ಮುಚ್ಚಿಹೋಗಿದ್ದವು. ಗ್ಯಾರೇಜಿನ ಮೇಸ್ತ್ರಿ ಮುತ್ತಣ್ಣ ಕೂಡ ಎಣ್ಣೆ ಬದಲಿಸುವಾಗ ಆ ಕೋಲಿಗೆ ಕೈ ಮುಗಿದೇ ಒಳಗೆ ಕೂರುತ್ತಿದ್ದ.

ಶೈಲಾ ಅದರ ಬಗ್ಗೆ ಯೋಚಿಸಿರಲಿಲ್ಲ, ಯಾಕೆಂದರೆ ಓಡಿಸುವವನು ಮಾವ. ಅವಳು ಸ್ಟೇರಿಂಗ್ ಚಕ್ರ ಹಿಡಿದದ್ದು ಈ ಶ್ರಾವಣದಲ್ಲಿ, ಮಾವನ ಮೊಣಕಾಲು ನೋಯತೊಡಗಿದ ಮೇಲೆ. ಬೀಳಗಿಯ ಬಸ್ ನಿಲ್ದಾಣದ ಬಳಿ ಪೂರ್ತಿ ಸುತ್ತಿ ತಿರುಗಿಸುವಾಗ ಜೀಪು ಪ್ರತಿಸಲವೂ ನಡುಗುತ್ತಿತ್ತು. ಹಿಂದಿನಿಂದ ಯಾರೋ ಹಗ್ಗ ಹಿಡಿದು ಜಗ್ಗಿದಂತೆ, ಮುಂದಿನ ಗಾಲಿಗಳು ಡಾಂಬರಿನ ಮೇಲೆ ಕಿರ್ರೆನ್ನುತ್ತ ಜಿಗಿಯುತ್ತಿದ್ದವು. ಮಾರುವ ಮಾತು ಗಟ್ಟಿಯಾದ ಮರುದಿನ ಅದೇ ತಿರುವಿನಲ್ಲಿ ಅದು ಮತ್ತೆ ನಡುಗಿತು. ಅವಳು ಜೀಪನ್ನು ಬದಿಗೆ ನಿಲ್ಲಿಸಿ, ಸೆರಗಿನ ತುದಿಯಿಂದ ಸಣ್ಣ ಗೇರಿನ ತಲೆಯನ್ನು ಮೆಲ್ಲನೆ ಒರೆಸಿ, ಅಲ್ಲಿದ್ದುದನ್ನು ಓದಿದಳು. ಒಂದು ನೆಲೆ ಎರಡು ಗಾಲಿಗೆ, ಒಂದು ನಾಲ್ಕಕ್ಕೆ, ಕೊನೆಯದು ನಾಲ್ಕಕ್ಕೇ, ಆದರೆ ಬಹಳ ನಿಧಾನಕ್ಕೆ. ಜೀಪು ಇಷ್ಟು ವರ್ಷ ನಡುವಿನ ನೆಲೆಯಲ್ಲೇ ನಿಂತು, ನುಣುಪು ಡಾಂಬರಿನ ಮೇಲೂ ನಾಲ್ಕು ಗಾಲಿಯಿಂದ ಜಗ್ಗುತ್ತ ಓಡಿತ್ತು.

ಅನುಮಾನವನ್ನು ಅನುಮಾನವಾಗಿಯೇ ಮನೆಗೆ ಒಯ್ಯುವುದು ಅವಳ ಜಾಯಮಾನವಲ್ಲ. ಆ ವಾರದ ರಜೆಯ ದಿನ ಬೀಳಗಿಯ ಬಂಕಿನಲ್ಲಿ ಟಾಕಿಯ ಕೊರಳವರೆಗೆ ಡೀಸೆಲ್ ತುಂಬಿಸಿ, ಅನಗವಾಡಿಯವರೆಗೆ ಒಂದೇ ವೇಗದಲ್ಲಿ ಹೋಗಿ ಬಂದು, ಅದೇ ಪಂಪಿನಲ್ಲಿ ಮತ್ತೆ ಕೊರಳವರೆಗೆ ತುಂಬಿಸಿದಳು. ಲೀಟರಿಗೆ ಒಂಬತ್ತೂವರೆ ಕಿಲೋಮೀಟರು ಬಂತು. ಇನ್ನು ಎರಡು ಗಾಲಿಗೆ ಹಾಕಿ ಹಾಗೆಯೇ ಓಡಿಸಿ ನೋಡಬೇಕಿತ್ತು. ಅದಕ್ಕೆ ದಾರ ಬಿಚ್ಚಬೇಕು. ದಾರ ಬಿಚ್ಚಲು ಮಾವನನ್ನು ಒಪ್ಪಿಸಬೇಕು.

ಸಂಜೆ ಚಹಾದ ಹೊತ್ತಿಗೆ ಅವಳು ಮಾತು ತೆಗೆದಳು. ಶಿವಯೋಗೆಪ್ಪ ಸಿಟ್ಟಾಗಲಿಲ್ಲ, ನಕ್ಕ.

"ಎರಡ ಎತ್ತ ಜಗ್ಗೂ ಭಾರಕ್ಕ ನಾಕ ಎತ್ತ ಹೂಡಿದ್ರ ಎತ್ತಿಗೆ ಹಗುರ ಆಗತೈತೋ ಇಲ್ಲೋ? ಹಗುರ ಆದ್ರ ಮೇವೂ ಕಡಿಮಿ. ನೀ ಕಾಲೇಜ ಕಲಿಸಾಕಿ, ಇದನ್ನೂ ನಾನ ಹೇಳಬೇಕನವಾ?"

"ಎತ್ತಿಗೆ ಒಂದೊಂದಕ್ಕೂ ಒಂದೊಂದು ಹೊಟ್ಟಿ ಐತ್ರಿ ಮಾವಾರ. ಗಾಲಿಗೆ ಎಲ್ಲೈತಿ? ಹೊಟ್ಟಿ ಒಂದ, ಅದು ಇಂಜಿನ್ನಿನ್ದು."

ಕಟ್ಟೆಯ ಇನ್ನೊಂದು ತುದಿಯಲ್ಲಿ ಶೇಂಗಾ ಸುಲಿಯುತ್ತಿದ್ದ ಮಾದೇವಿ ಮುಸಿಮುಸಿ ನಕ್ಕಳು. ಶಿವಯೋಗೆಪ್ಪ ಮೀಸೆ ಸವರಿಕೊಂಡ. ಸೋಲು ಮಾತ್ರ ಒಪ್ಪಲಿಲ್ಲ. ಶೈಲಾ ಹೆಚ್ಚು ವಾದಿಸದೆ ಜೀಪು ಹತ್ತಿ, ಹಸಿ ಮಣ್ಣಿನ ಅಂಗಳದಲ್ಲಿ ಚಕ್ರವನ್ನು ಪೂರ್ತಿ ತಿರುಗಿಸಿ ಹಿಡಿದು ಒಂದು ಸುತ್ತು ಹಾಕಿದಳು. ಇಳಿದು ಮಾವನನ್ನು ಕರೆದು ಗಾಲಿಗಳ ಗುರುತು ತೋರಿಸಿದಳು. ಮುಂದಿನ ಗಾಲಿ ಹೊರಗಿನಿಂದ ದೊಡ್ಡ ಸುತ್ತು ಬಳಸಿತ್ತು, ಹಿಂದಿನದು ಅದರ ಒಳಗಿನಿಂದ ಸಣ್ಣ ಸುತ್ತು ಬಂದಿತ್ತು.

ಶಿವಯೋಗೆಪ್ಪ ಆ ಎರಡು ಗೆರೆಗಳ ಮೇಲೆ ನಿಧಾನವಾಗಿ ನಡೆದ. ಅವನು ಹರೆಯದಲ್ಲಿ ಹಂತಿ ಹೂಡಿ ರಾಶಿ ಮಾಡಿದವನು. ಕಣದ ನಡುವೆ ಮೇಟಿ ನೆಟ್ಟು, ಸಾಲಾಗಿ ಎತ್ತುಗಳನ್ನು ಕಟ್ಟಿ, ತೆನೆ ತುಳಿಸುತ್ತ ಸುತ್ತು ಹೊಡೆಸುವುದು ಅವನ ಕಾಲಿಗೆ ಗೊತ್ತಿತ್ತು. ಮೇಟಿಯ ಪಕ್ಕಕ್ಕೆ ಮುದಿ ಎತ್ತು ಕಟ್ಟುತ್ತಾರೆ, ಅದರ ಸುತ್ತು ಸಣ್ಣದು. ಹೊರ ತುದಿಗೆ ಬಿರುಸಿನದನ್ನು ಕಟ್ಟುತ್ತಾರೆ. ಎರಡೂ ಒಂದೇ ಹೆಜ್ಜೆ ಹಾಕಬೇಕೆಂದರೆ ಹಂತಿ ನಡೆಯುವುದೇ ಇಲ್ಲ.

ಅರ್ಧ ಸುತ್ತು ನಡೆದು ಅವನು ನಿಂತ. "ಅಂದ್ರ ಈ ಕೋಲು ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಒಂದ ಹೆಜ್ಜಿ ಹಾಕಸತೈತಿ."

"ಹೌದ್ರಿ. ಕೆಸರಿನಾಗ ಗಾಲಿ ಒಂದೀಟ ಜಾರಿ ಸರಿ ಮಾಡ್ಕೋತಾವ. ಡಾಂಬರಿನ ಮ್ಯಾಲೆ ಜಾರಾಕ ಬರೂದಿಲ್ಲ. ಒಂದನ್ನೊಂದು ಜಗ್ಗಾಡತಾವ. ಆ ಜಗ್ಗಾಟಕ್ಕ ಡೀಸೆಲ್ಲೂ ಹೋಗತೈತಿ, ಟೈರೂ ಹೋಗತೈತಿ."

ಅವನು ಬೋಳಾದ ಮುಂದಿನ ಟೈರಿನ ಹತ್ತಿರ ಹೋದ. ಎತ್ತಿನ ಕೊರಳು ಸವರುವಂತೆ ಅದನ್ನೊಮ್ಮೆ ಸವರಿ, ದಾರದ ಮಾತು ಮಾತ್ರ ನಿಮ್ಮ ಅತ್ತೆಯನ್ನು ಕೇಳು ಎಂದು ಜಾರಿಕೊಂಡ.

ಮಾದೇವಿಯ ತೀರ್ಪಿಗೆ ಹೊತ್ತು ಹಿಡಿಯಲಿಲ್ಲ. "ಅಯ್ಯಾರು ದಾರ ಕಟ್ಟಿದ್ದು ಗಾಡಿಗೆ, ಕೋಲಿಗಲ್ಲ. ಕನ್ನಡಿಗೆ ಕಟ್ಟಿದ್ರ ದೇವರೇನು ಹಾದಿ ತಪ್ಪತಾನನ?" ಎಂದು ತಾನೇ ಊದುಬತ್ತಿ ಹಚ್ಚಿ, ಗಂಟು ಬಿಚ್ಚಿ, ಮೇಲಿನ ಕನ್ನಡಿಗೆ ಕಟ್ಟಿದಳು. ದಾರ ಸಡಿಲಾದರೂ ಕೋಲು ಮಾತ್ರ ಅಲುಗಲಿಲ್ಲ. ಆಗ ತಾನೇ ಹೊಲದಿಂದ ಬಂದ ಈಶ್ವರ ಎರಡೂ ಕೈಯಿಂದ ಜಗ್ಗಿ ಬೆವತ. ಅಯ್ಯನವರಿಗೆ ಸಿಟ್ಟು ಬಂದಿದೆಯೆಂದು ಚೇಷ್ಟೆ ಮಾಡಿದ. ಮಾದೇವಿಯ ಮುಖ ಸಣ್ಣಗಾಯಿತು. ಶೈಲಾ ಗಂಡನನ್ನು ಇಳಿಸಿ ತಾನು ಕೂತು, ಚಕ್ರ ನೆಟ್ಟಗೆ ಹಿಡಿದು ಜೀಪನ್ನು ನಾಲ್ಕು ಮಾರು ಹಿಂದಕ್ಕೆ ಬಿಟ್ಟಳು. ತಿರುವಿನಲ್ಲಿ ಹುರಿಗೊಂಡಿದ್ದ ಬಿಗುವು ಒಳಗೆಲ್ಲೋ ಬಿಟ್ಟುಕೊಂಡಿತು. ಒಂದೇ ಬೆರಳಿಗೆ ಕೋಲು 'ಟಕ್' ಎಂದು ಸರಿಯಿತು. ಮಾದೇವಿ ಮೊದಲು ಕೋಲಿಗೆ, ಆಮೇಲೆ ಸೊಸೆಗೆ ದೃಷ್ಟಿ ತೆಗೆದಳು.

ಎರಡನೇ ಪರೀಕ್ಷೆ ಕೆಟ್ಟಿತು. ಕೆಡಿಸಿದವಳು ಮಾದೇವಿಯೇ. ಗಾಡಿ ಹೇಗೂ ಅನಗವಾಡಿಗೆ ಖಾಲಿ ಹೋಗುತ್ತದೆ ಎಂದು ಅವಳು ತನ್ನ ಅಕ್ಕ ಅನಸವ್ವನಿಗೆ ಎರಡು ಚೀಲ ಗೋವಿನಜೋಳ ಹೇರಿಸಿ ತಾನೂ ಹತ್ತಿದಳು. ಬರುವಾಗ ಅನಸವ್ವನೂ ಅವಳ ಗಂಟುಗಳೂ ಜತೆಗೆ ಬಂದವು. ಇಬ್ಬರ ಮಾತಿಗಾಗಿ ದಾರಿಯಲ್ಲಿ ಮೂರು ಮನೆಯ ಮುಂದೆ ಇಂಜಿನ್ನು ಉರಿಯುತ್ತಲೇ ನಿಲ್ಲಿಸಬೇಕಾಯಿತು. ಬಂಕಿನಲ್ಲಿ ಅಳೆದರೆ ಅದೇ ಒಂಬತ್ತೂವರೆ. ಈಶ್ವರ ಸಿಳ್ಳೆ ಹಾಕಿದ.

ಮಾದೇವಿಗೆ ಆ ಸಿಳ್ಳೆ ತಡೆಯಲಾಗಲಿಲ್ಲ. "ಮೊನ್ನಿ ಖಾಲಿ ಇದ್ದಾಗ ಎಷ್ಟ ಕುಡದಿತ್ತೋ ಇವತ್ತ ಇಷ್ಟ ಭಾರ ಹೊತ್ತೂ ಅಷ್ಟ ಕುಡದೈತಿ. ಇದು ಉಳಿತಾಯ ಅಲ್ಲನಲೇ, ಶ್ಯಾಣ್ಯಾ?"

ಒಳ್ಳೆಯ ತರ್ಕ, ಆದರೆ ಸಾಲದು ಎಂದಳು ಶೈಲಾ. ಮರುವಾರ ಖಾಲಿ ಗಾಡಿಯಲ್ಲಿ ಒಬ್ಬಳೇ ಹೋಗಿ ಬಂದಳು. ಹತ್ತೂವರೆಗಿಂತ ಕೊಂಚ ಹೆಚ್ಚೇ ಬಂತು. ಬಸ್ ನಿಲ್ದಾಣದ ತಿರುವಿನಲ್ಲಿ ಜೀಪು ಬೆಣ್ಣೆಯೊಳಗಿನ ಚಾಕುವಿನಂತೆ ಸರಿಯಿತು. ಈಶ್ವರ ಲೆಕ್ಕ ಒಪ್ಪಿಕೊಂಡ. ಆದರೆ ಕಾರು ಲೀಟರಿಗೆ ಹದಿನೆಂಟು ಕೊಡುತ್ತದೆ, ಹತ್ತೂವರೆಯನ್ನು ಹದಿನೆಂಟು ಮಾಡುವ ಕೋಲು ಯಾವ ಗಾಡಿಯಲ್ಲೂ ಇಲ್ಲ ಎಂದ. ಅದು ಖರೆ. ಶೈಲಾ ಸುಳ್ಳು ಹೇಳಿ ಗೆಲ್ಲುವವಳಲ್ಲ. ಅವಳು ಬೀಳಗಿಯಲ್ಲಿ ಕೋಣೆ ವಿಚಾರಿಸಲು ಸಹೋದ್ಯೋಗಿಯೊಬ್ಬಳಿಗೆ ಹೇಳಿಟ್ಟಳು.

ಚನಮಲ್ಲಪ್ಪ ಬರುವ ಹಿಂದಿನ ದಿನವೇ ಹುಬ್ಬಿ ನಕ್ಷತ್ರದ ಮಳೆ ಹೊಡೆಯಿತು. ಬೆಳಿಗ್ಗೆ ಅವನು ತನ್ನ ಕಾರನ್ನು ಬನ್ನಿ ಗಿಡದ ಕೆಳಗೆ ಡಾಂಬರಿನ ಮೇಲೆಯೇ ನಿಲ್ಲಿಸಿ ಫೋನು ಮಾಡಿದ. ಅವನನ್ನು ಕರೆತರಲು ಈಶ್ವರನೇ ಜೀಪು ತೆಗೆದುಕೊಂಡು ಹೊರಟ. ಕೊಳ್ಳುವವನಿಗೆ ಹೊಸ ಮೈಲೇಜು ತೋರಿಸುವ ಹುರುಪಿನಲ್ಲಿ ಸಣ್ಣ ಗೇರನ್ನು ಎರಡು ಗಾಲಿಯ ನೆಲೆಯಲ್ಲೇ ಬಿಟ್ಟಿದ್ದ. ಇಳಿಜಾರಿನ ಓಟದಲ್ಲಿ ಹೇಗೋ ರಸ್ತೆ ಮುಟ್ಟಿದನಾದರೂ, ಚನಮಲ್ಲಪ್ಪನನ್ನು ಕೂರಿಸಿಕೊಂಡು ಬರುವಾಗ ಏರಿನ ನಡುವೆ ಜೀಪು ಹೂತಿತು. ಹಿಂದಿನ ಗಾಲಿಗಳು ನಿಂತಲ್ಲೇ ತಿರುಗಿ ಎರೆಯನ್ನು ಕಡೆದವು. ಈಶ್ವರ ಇಳಿದು ಮೊಣಕಾಲವರೆಗಿನ ಕೆಸರಿನಲ್ಲಿ ನೂಕಿದ. ಒಳಗೆ ಕೂತ ಚನಮಲ್ಲಪ್ಪ ತನ್ನ ಬಿಳಿ ಧೋತರವನ್ನು ಮಡಿಲಿಗೆ ಸುತ್ತಿಕೊಂಡು, ಇಂಥ ಗಾಡಿ ಕೊಳ್ಳಬೇಕೋ ಬೇಡವೋ ಎಂದು ಯೋಚಿಸತೊಡಗಿದ.

ಇಂಜಿನ್ನಿನ ಕೂಗು ಮನೆಗೆ ಕೇಳಿತು. ಶಿವಯೋಗೆಪ್ಪ ಕೋಲೂರಿಕೊಂಡು, ಶೈಲಾ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬದುವಿನ ಮೇಲಿಂದ ಬಂದರು. ಮುದುಕ ದೂರದಿಂದಲೇ ಕೂಗಿದ.

"ಕಬ್ಬಿನ ಗಾಡಿ ಸಿಕ್ಕೊಂಡ್ರ ಏನ ಮಾಡತಾರಲೇ ಈಶ್ಯಾ? ಮುಂದಿನ ಜೋಡಿ ಹೂಡು!"

ಈಶ್ವರನಿಗೆ ಗೇರಿನ ಕೋಲನ್ನು ಯಾವ ಕಡೆ ಸರಿಸಬೇಕೆಂದು ನೆನಪಾಗಲಿಲ್ಲ. ಶೈಲಾ ಕೆಸರಿಗೆ ಇಳಿದು, ಹತ್ತಿ ಕೂತು, ಸಣ್ಣ ಗೇರನ್ನು ಕೊನೆಯ ನೆಲೆಗೆ ಎಳೆದು ಕ್ಲಚ್ಚನ್ನು ಮೆಲ್ಲನೆ ಬಿಟ್ಟಳು. ಜೀಪು ಎದ್ದ ಎಮ್ಮೆಯಂತೆ ಒಮ್ಮೆ ಮೈ ಕೊಡವಿ, ಗದ್ದಲವಿಲ್ಲದೆ, ಹೆಜ್ಜೆ ಹೆಜ್ಜೆಗೆ ಏರು ಹತ್ತಿ ಅಂಗಳಕ್ಕೆ ಬಂದು ನಿಂತಿತು.

ಚನಮಲ್ಲಪ್ಪನ ಯೋಚನೆ ತಟ್ಟನೆ ಮುಗಿಯಿತು. ಚಹಾ ಬರುವ ಮೊದಲೇ, ಇವತ್ತೇ ಒಯ್ಯುತ್ತೇನೆ ಎಂದ. ಎಲ್ಲರೂ ಈಶ್ವರನ ಕಡೆ ನೋಡಿದರು. ಅವನು ಕಟ್ಟೆಯ ಅಂಚಿಗೆ ಕೂತು ಕಾಲಿನ ಪಿಂಡರಿಗೆ ಮೆತ್ತಿದ ಎರೆಯನ್ನು ಕಡ್ಡಿಯಿಂದ ಕೆರೆಯುತ್ತಿದ್ದ.

"ಕಾಕಾ, ನಿಮ್ಮ ಕಾರು ಮನೀತನಕ ಯಾಕ ತರಲಿಲ್ರಿ?"

"ನಿನಗೇನ ಹುಚ್ಚನ ತಮ್ಮಾ? ಈ ಎರಿಯಾಗ ಕಾರ ಬರತೈತಿ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಚನಮಲ್ಲಪ್ಪನಿಗೇ ಅದರ ತೂಕ ತಿಳಿಯಿತು. ಮಾದೇವಿ ಬಾಗಿಲ ಮರೆಗೆ ಹೋಗಿ ಬಾಯಿಗೆ ಸೆರಗು ಹಚ್ಚಿಕೊಂಡಳು. ಈಶ್ವರ ಕಡ್ಡಿ ಬಿಸುಟು, ಹೆಂಡತಿಯನ್ನು ನೋಡದೆಯೇ ಹೇಳಿದ.

"ಲೀಟರಿಗೆ ಹದಿನೆಂಟ ಕೊಡೂ ಗಾಡಿ ರಸ್ತಾದಾಗ ನಿಂತರ, ನಾವು ಮನ್ಯಾಗ ನಿಂತರ, ಏನ ಉಪಯೋಗ? ಮಾರೂದಿಲ್ರಿ ಕಾಕಾ. ಚಹಾ ಕುಡೀರಿ."

ಚನಮಲ್ಲಪ್ಪ ದೊಡ್ಡ ಮನಸ್ಸಿನವನು. ಚಹಾದ ಜತೆ ಮಾದೇವಿಯ ಶೇಂಗಾ ಹೋಳಿಗೆಯನ್ನೂ ತಿಂದು, ಅದೇ ಜೀಪಿನಲ್ಲಿ ರಸ್ತೆಯವರೆಗೆ ಬಿಡಿಸಿಕೊಂಡು ಹೋದ. ಶೈಲಾ ಕಟ್ಟೆಯ ಮೂಲೆಗೆ ನಿಂತು ಸಹೋದ್ಯೋಗಿಗೆ ಫೋನು ಮಾಡಿ, ಕೋಣೆ ಬೇಡವೆಂದಳು.

ಈಗ ಮನೆಯ ಪದ್ಧತಿಯೊಂದು ಬದಲಾಗಿದೆ. ಕಾಲೇಜಿಗೆ ಹೊರಡುವಾಗ ಬನ್ನಿ ಗಿಡದ ಹತ್ತಿರ ಮಣ್ಣು ಮುಗಿದು ಡಾಂಬರು ಹತ್ತುವಲ್ಲಿ ಶೈಲಾ ಜೀಪನ್ನು ನಿಧಾನ ಮಾಡುತ್ತಾಳೆ. ಪಕ್ಕದಲ್ಲಿ ಮಾವ ಇದ್ದರೆ ಅವಳ ಕೈ ಕೋಲಿನ ಮೇಲೆ ಕಾಯುತ್ತದೆ, ಏಕೆಂದರೆ ಆ ಮಾತು ಹೇಳುವ ಹಕ್ಕು ಅವನದು.

"ಮುಂದಿನ ಜೋಡಿ ಬಿಚ್ಚವಾ," ಎನ್ನುತ್ತಾನೆ ಶಿವಯೋಗೆಪ್ಪ. "ದಾರಿ ಛಲೋ ಐತಿ. ಅವೂ ಒಂದೀಟ ದಣಿವಾರಿಸ್ಕೊಳ್ಳಿ."